ಥಂಡಾ ಖೋಲಿಯ ಲೆಕ್ಕ

"ಜನರೇಟರ್ ಚಾಲೂ ಮಾಡಿಸ್ರಿ ಅಕ್ಕೋರೆ."

ಎಸ್‌ಐ ಆಮ್ರಪಾಲಿ ಅಂದದ್ದು ಇಷ್ಟೇ. ಡಿಪೋದ ಒಡತಿ ಮಲ್ಲೇಶ್ವರಿ ಗಾಳಿ ಹಾಕಿಕೊಳ್ಳುತ್ತಿದ್ದ ರಟ್ಟಿನ ತುಂಡು ಅಲ್ಲೇ ನಿಂತಿತು.

"ಈಗ್ಯಾಕ್ರಿ ಮೇಡಂ? ಕರೆಂಟ್ ಅದಲ್ಲ?"

"ಕರೆಂಟ್ ನಾ ತೆಗಸ್ತೇನಿ. ಮುಜೀಬಭಾಯ್, ಮೇನ್ ಬಂದ್ ಮಾಡ್ರಿ."

ಹೆಡ್ ಕಾನ್‌ಸ್ಟೆಬಲ್ ಮುಜೀಬೋದ್ದೀನ ಗೋಡೆಯ ಪೆಟ್ಟಿಗೆಯ ಹಿಡಿಕೆಯನ್ನು ಕೆಳಗೆಳೆದರು. ಫ್ಯಾನು ಗರಗರ ತಿರುಗಿ ನಿಂತಿತು. ಭಾಲ್ಕಿಯ ಮೇ ತಿಂಗಳ ಸೆಕೆ, ಇಷ್ಟು ಹೊತ್ತು ಬಾಗಿಲಲ್ಲೇ ಕಾಯುತ್ತಿತ್ತೇನೋ, ಒಂದೇ ಏಟಿಗೆ ಒಳಗೆ ಬಂದು ಕೂತಿತು.

"ಯಾ ಅಲ್ಲಾ! ಅಪರಾಧಿ ಸಿಗೋದ್ರಾಗ ನಮ್ಮನ್ನೇ ಬೇಯಿಸ್ತೀರಿ ಮೇಡಂ," ಅಂತ ಮುಜೀಬೋದ್ದೀನ ಹಣೆ ಒರೆಸಿಕೊಂಡರು. ಅವರ ಹಾಸ್ಯಕ್ಕೆ ಯಾರೂ ನಗಲಿಲ್ಲ.

ನಗುವ ಹೊತ್ತೂ ಅದಲ್ಲ. ಕಳೆದ ವಾರ ಇದೇ ಪಶು ಔಷಧ ಡಿಪೋದ ಎಸಿ ಕೊಠಡಿಯಲ್ಲಿ ಮಲ್ಲೇಶ್ವರಿಯ ಪಾಲುದಾರ ಕಾಶೀರಾಮ ಹೆಣವಾಗಿ ಸಿಕ್ಕಿದ್ದ. ಉಸಿರು ಕಟ್ಟಿಸಿ ಕೊಂದದ್ದು ಅಂತ ಡಾಕ್ಟರು ಬರೆದಿದ್ದರು. ಎಸಿ ರಿಪೇರಿಗೆ ಬಂದಿದ್ದ ಭಾತಂಬ್ರಾದ ದಿಲೀಪ ಈಗ ಭಾಲ್ಕಿ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ಪೊಲೀಸ್ ಕಸ್ಟಡಿ ಮುಗಿಯಿತು, ಇವತ್ತು ಮಧ್ಯಾಹ್ನ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಬೀದರ ಜೈಲಿಗೆ ಕಳಿಸಬೇಕು. ಅಷ್ಟರೊಳಗೆ ಏನಾದರೂ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ, ಆ ಹುಡುಗನ ಬಾಳು ಸುಟ್ಟುಹೋಗುತ್ತದೆ.

ದಿಲೀಪನ ಮೇಲಿನ ಕೇಸು ನಿಂತಿರುವುದು ಒಂದೇ ಒಂದು ಮಾತಿನ ಮೇಲೆ. ಕೊಠಡಿ ತಣ್ಣಗಿತ್ತು ಅನ್ನುವ ಮಾತು.

ಆ ದಿನ ಲೈನ್ ದುರಸ್ತಿ ಅಂತ ಬೆಳಿಗ್ಗೆಯಿಂದಲೇ ಭಾಲ್ಕಿಯಲ್ಲಿ ಕರೆಂಟ್ ಇರಲಿಲ್ಲ. ಬಂದದ್ದು ಇಳಿಹೊತ್ತಿಗೆ. ಅದಾದ ಸ್ವಲ್ಪ ಹೊತ್ತಿಗೆ ಮಲ್ಲೇಶ್ವರಿಯೇ ಹೆಣ ನೋಡಿ ಚೀರಿದ್ದಳು. ಪೊಲೀಸರು ಬಂದಾಗ ಎರಡೂ ಎಸಿ ಓಡುತ್ತಿದ್ದವು, ಹೆಣ ಮುಟ್ಟಿದರೆ ಕೈ ಹಿಂದೆ ಬರುವಷ್ಟು ತಣ್ಣಗಿತ್ತು. "ಕರೆಂಟ್ ಇಲ್ದಾಗೂ ಜನರೇಟರ್ ಮ್ಯಾಲೆ ಎಸಿ ದಿನಾಪೂರ್ತಿ ಓಡ್ಯಾವ್ರಿ" ಅಂತ ಮಲ್ಲೇಶ್ವರಿ ಹೇಳಿಕೆ ಕೊಟ್ಟಳು. ಡಾಕ್ಟರು ಹದಿನೆಂಟು ಡಿಗ್ರಿಯ ಕೊಠಡಿ ಅಂತ ಹಿಡಿದು ಲೆಕ್ಕ ಹಾಕಿದರು, ಸಾವು ನಡುಮಧ್ಯಾಹ್ನಕ್ಕೆ ಬಂದು ಕೂತಿತು. ನಡುಮಧ್ಯಾಹ್ನ ಡಿಪೋದಲ್ಲಿ ಕಾಶೀರಾಮನ ಜೊತೆಗಿದ್ದವನು ದಿಲೀಪ ಒಬ್ಬನೇ ಅಂತ ಹೇಳಿದವಳೂ ಮಲ್ಲೇಶ್ವರಿಯೇ. ಮಾಳಿಗೆ ಮೇಲಿನ ಎಸಿ ತೊಳೆದು ಹೋದೆ, ಕೆಳಗೆ ಯಾರನ್ನೂ ನೋಡಲಿಲ್ಲ ಅನ್ನುವ ದಿಲೀಪನ ಮಾತನ್ನು ಯಾರು ಕೇಳಬೇಕು?

ಕೇಳಿದವಳು ಆಮ್ರಪಾಲಿ. ಪೊಲೀಸು ಖಾತೆ ಸೇರುವ ಮೊದಲು ಆಕೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವಳು. ಚಿದ್ರಿಯ ಮನೆಯಲ್ಲಿ ಅಪ್ಪ ಈಗಲೂ ಗೊಣಗುತ್ತಾನೆ: "ವೈರಿಂಗ್ ಮಾಡ್ಕೊಂಡು ನೆರಳಾಗ ಇರೋದು ಬಿಟ್ಟು ಕಳ್ಳರ ಹಿಂದ ಬಿದ್ದಾಳ ನನ್ನ ಮಗಳು." ಇವತ್ತು ಬೆಳಿಗ್ಗೆ ಆ ಮಗಳು ಡಿಪೋದ ಮಾಳಿಗೆ ಹತ್ತಿ, ಕಾದ ತಗಡಿಗೆ ಮೊಣಕೈ ಸುಟ್ಟುಕೊಂಡು, ಎಸಿಗಳ ಹೊರಗಿನ ಪೆಟ್ಟಿಗೆ ಬಿಚ್ಚಿಸಿ ಒಳಗಿನದನ್ನು ಓದಿಕೊಂಡು ಬಂದಿದ್ದಳು.

"ಎರಡೂ ಹಳೇ ಎಸಿ, ಒಂದೂವರೆ ಟನ್ನಿನವು," ಅಂದಳು ಆಮ್ರಪಾಲಿ. "ಜನರೇಟರ್ ಐದು ಕೆವಿಎ. ಇದರ ಮ್ಯಾಲೆ ಎರಡೂ ಓಡ್ತಾವ ಅಂತ ಹ್ಯಾಂಗ ತಿಳೀತು ನಿಮಗ?"

ಮಲ್ಲೇಶ್ವರಿ ಈ ಪ್ರಶ್ನೆಗೆ ಹೆದರಲಿಲ್ಲ. ಹೆದರುವ ಪೈಕಿಯೇ ಅಲ್ಲ ಅವಳು. ಗಂಡ ಸತ್ತ ಮೇಲೆ ಒಂಟಿಯಾಗಿ ಭಾಲ್ಕಿಯಲ್ಲಿ ಡಿಪೋ, ಔರಾದಿನಲ್ಲಿ ಶಾಖೆ ನಿಲ್ಲಿಸಿದ ಹೆಂಗಸು. ಮೂರು ತಾಲೂಕಿನ ಕುರಿಗಾರರು ಅವಳ ಔಷಧಿಯನ್ನೇ ಕೊಳ್ಳುತ್ತಾರೆ.

"ಲೆಕ್ಕ ಮಾಡೇ ತಗೊಂಡೀನ್ರಿ ಮೇಡಂ," ಅಂದಳು. "ಒಂದು ಎಸಿ ಎಂಟು ಆಂಪಿಯರ್ ತಿಂತದ. ಎಂಟು ಎಂಟು ಹದಿನಾರು. ಲೈಟು, ಫ್ಯಾನು ಎಲ್ಲಾ ಸೇರಿ ಮೂರು. ಒಟ್ಟು ಹತ್ತೊಂಬತ್ತು. ಈ ಮಷೀನು ಇಪ್ಪತ್ತೊಂದು ಕೊಡ್ತದ. ಇನ್ನಾ ಎರಡು ಉಳೀತದ. ನಾ ಏನು ಸಾಲಿ ಕಲಿಯದಾಕಿ ಅಂತ ತಿಳಕೊಂಡೀರೇನು?"

"ಲೆಕ್ಕ ಬರೋಬ್ಬರಿ ಅದರಿ. ಹಚ್ಚಿಸ್ರಿ ನೋಡೋಣ."

ಮುಜೀಬೋದ್ದೀನ ಮೊಬೈಲು ಎತ್ತಿ ಚಿತ್ರೀಕರಣ ಶುರುಮಾಡಿದರು. ಡಿಪೋದ ಆಳು ಹಿತ್ತಲಿಗೆ ಹೋಗಿ ಜನರೇಟರಿನ ಹಿಡಿಕೆ ತಿರುಗಿಸಿದ. ಮಷೀನು ಕೆಮ್ಮಿ, ಉಗುಳಿ, ಕೊನೆಗೆ ಡಬಡಬ ಅಂತ ಶುರುವಾಯಿತು. ಫ್ಯಾನು ತಿರುಗಿತು, ಲೈಟು ಹತ್ತಿತು. ಮಲ್ಲೇಶ್ವರಿಯ ಮುಖದಲ್ಲಿ ಗೆಲುವಿನ ನಗು ಮೂಡಿತು.

ಎಲ್ಲರೂ ಒಳಗಿನ ಕೊಠಡಿಗೆ ಹೋದರು. ಡಿಪೋದವರು ಅದಕ್ಕೆ ಥಂಡಾ ಖೋಲಿ ಅನ್ನುತ್ತಾರೆ. ಕಿಟಕಿ ಇಲ್ಲ. ಮೂರು ಕಡೆ ಔಷಧಿಯ ಕಪಾಟು, ನಡುವೆ ಒಬ್ಬರು ಮಲಗುವಷ್ಟು ಜಾಗ. ಕಾಶೀರಾಮ ಬಿದ್ದಿದ್ದೂ ಅಲ್ಲೇ.

ಆಮ್ರಪಾಲಿ ಎರಡೂ ಎಸಿಯ ಗುಂಡಿ ಒತ್ತಿದಳು.

ತಂಗಾಳಿ ಬಂದಂತೆ ಅನ್ನಿಸಿತು. ಬರೀ ಗಾಳಿ. ಮಾಳಿಗೆಯ ಮೇಲೆ ಏನೋ ಹೂಂ ಅಂತ ನರಳಿತು. ಲೈಟು ಮಂಕಾಗಿ ಕೆಂಪಾಯಿತು, ಫ್ಯಾನು ಸೋತು ನಿಧಾನವಾಯಿತು, ಹಿತ್ತಲಿನಿಂದ ಕಪ್ಪು ಹೊಗೆ ಬಾಗಿಲಿಗೆ ಬಂದು ಬಡಿಯಿತು. ಟಪ್ ಅಂತ ಸ್ವಿಚ್ಚು ಬಿದ್ದು ಎಲ್ಲ ಕತ್ತಲಾಯಿತು.

"ಎರಡೂ ಒಮ್ಮಿಗೇ ಹಚ್ಚಿದ್ರ ಹ್ಯಾಂಗ್ರಿ?" ಮಲ್ಲೇಶ್ವರಿ ಸಿಡುಕಿದಳು. "ನಾವು ಒಂದೊಂದೇ ಹಚ್ತೇವಿ."

"ಆಯ್ತು. ಒಂದೇ ಹಚ್ಚೋಣ."

ಮತ್ತೆ ಡಬಡಬ. ಒಂದೇ ಎಸಿ. ಮತ್ತೆ ಅದೇ ನರಳಾಟ, ಅದೇ ಹೊಗೆ, ಅದೇ ಟಪ್.

"ಲೈಟು ಫ್ಯಾನು ತೆಗೀರಿ, ಆಗ ಏಳ್ತದ!"

ಅದನ್ನೂ ಮಾಡಿದರು. ಇಡೀ ಡಿಪೋದಲ್ಲಿ ಆ ಒಂದು ಎಸಿ ಬಿಟ್ಟರೆ ಮತ್ತೇನೂ ಇಲ್ಲ. ಎಸಿಯ ಒಳಗಿನ ಫ್ಯಾನು ಬಿಸಿ ಗಾಳಿಯನ್ನು ಊದಿತು, ಮೇಲಿನ ಕಂಪ್ರೆಸರ್ ಮಾತ್ರ ಹೂಂ ಅಂದು ಸುಮ್ಮನಾಯಿತು, ಮತ್ತೆ ಹೂಂ ಅಂದು ಸುಮ್ಮನಾಯಿತು. ಏಳಲೇ ಇಲ್ಲ. ಜನರೇಟರ್ ಕೂಡ ಕೈಚೆಲ್ಲಿ ನಿಂತುಬಿಟ್ಟಿತು.

ಕೊಠಡಿಯಲ್ಲಿ ಬೆವರಿನ ವಾಸನೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

"ಅಕ್ಕೋರೆ, ಕಂಪ್ರೆಸರ್ ಮ್ಯಾಲಿನ ಪಟ್ಟಿಯೊಳಗ ಎರಡು ಅಂಕಿ ಅವ," ಆಮ್ರಪಾಲಿ ಮೆಲ್ಲಗೆ ಹೇಳಿದಳು. "ಎಂಟು ಅನ್ನೋದು ಓಡುವಾಗಿನ ಲೆಕ್ಕ. ಅದರ ಕೆಳಗ ನಲವತ್ತೆರಡು ಅಂತ ಅದ. ಅದು ಏಳುವಾಗಿನ ಲೆಕ್ಕ. ಒಂದೇ ಕ್ಷಣ ಖರೇ, ಆದರ ಆ ಕ್ಷಣಕ್ಕ ನಲವತ್ತೆರಡು ಕೊಡಬೇಕು. ನಿಮ್ಮ ಮಷೀನಿಗಿ ಇಪ್ಪತ್ತೊಂದರ ಮ್ಯಾಲೆ ದಮ್ ಇಲ್ಲ."

"ಕರಿ ಮಣ್ಣಾಗ ಹುಗದ ಬಂಡಿ ಇದ್ದಂಗ," ಅಂದರು ಮುಜೀಬೋದ್ದೀನ. "ಓಡಲಿಕ್ಕಿ ಎರಡು ಎತ್ತು ಸಾಕು. ಎಬ್ಬಸಲಿಕ್ಕಿ ಊರೇ ಬರಬೇಕು."

ಈ ಭಾಗದ ಅಂಗಡಿಕಾರರು ಮಾಡುವ ತಪ್ಪೇ ಇದು. ಓಡುವ ಆಂಪಿಯರ್ ಕೂಡಿಸಿ ಜನರೇಟರ್ ತಂದಿಡುತ್ತಾರೆ. ಹಚ್ಚಿದ ದಿನ ಎಸಿ ಏಳುವುದಿಲ್ಲ, ಆದರೆ ನಾಚಿಕೆಗೆ ಯಾರಿಗೂ ಹೇಳುವುದಿಲ್ಲ. ಫ್ಯಾನು ತಿರುಗಿಸಿಕೊಂಡು "ನಮ್ಮಲ್ಲಿ ಎಸಿ ಬಂದ್ ಆಗೋದೇ ಇಲ್ಲ" ಅಂತ ಮೀಸೆ ತಿರುವುತ್ತಾರೆ. ಊರು ಜನರೇಟರಿನ ಸದ್ದು ಕೇಳಿ ನಂಬುತ್ತದೆ. ಆ ದಿನವೂ ನೆರೆಯವರು ಸದ್ದು ಕೇಳಿದ್ದರು. ಪೊಲೀಸರಿಗೆ ಅದನ್ನೇ ಸಾಕ್ಷಿ ಹೇಳಿದ್ದರು. ಸುಳ್ಳೇನೂ ಹೇಳಿರಲಿಲ್ಲ ಪಾಪ.

ಮಲ್ಲೇಶ್ವರಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಈಗ ಕೆಟ್ಟದ್ರಿ ಮಷೀನು. ಅವತ್ತು ಓಡಿತ್ತು."

"ಅವತ್ತೂ ಓಡಿಲ್ಲ."

ಆಮ್ರಪಾಲಿ ಕಪಾಟಿನ ಕೆಳಗೆ ಕೈಹಾಕಿ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ಆಕಳ ಕೆಚ್ಚಲಿಗೆ ಹಚ್ಚುವ ಮುಲಾಮಿನ ಡಬ್ಬಿಗಳು. ಒಂದರ ಮುಚ್ಚಳ ತೆರೆದು ಮೊಬೈಲಿನ ಬೆಳಕು ಹಿಡಿದಳು. ಮುಲಾಮು ಒಂದು ಕಡೆ ವಾಲಿ ಗಟ್ಟಿಯಾಗಿತ್ತು, ಮೇಲೆ ಎಣ್ಣೆ ಬೇರೆಯಾಗಿ ನಿಂತಿತ್ತು. ಪೆಟ್ಟಿಗೆಯ ತಳಕ್ಕೆ ಸೋರಿ, ರಟ್ಟು ಜಿಡ್ಡಾಗಿ ನೆಲಕ್ಕೆ ಅಂಟಿಕೊಂಡಿತ್ತು.

"ಇದು ಕರಗಿ ನೀರಾಗಿ, ಮತ್ತ ಹೆಪ್ಪುಗಟ್ಟಿದ ಮುಲಾಮು. ಬಂದ ಸರಕಿನ ತಾರೀಖು ಪೆಟ್ಟಿಗಿ ಮ್ಯಾಲೇ ಅದ, ಸಾವಿನ ಹಿಂದಿನ ದಿನದ್ದು. ಅದಾದ ಮ್ಯಾಲೆ ಭಾಲ್ಕಿಯೊಳಗ ದಿನಾಪೂರ್ತಿ ಕರೆಂಟ್ ಹೋಗಿದ್ದು ಒಮ್ಮಿ ಮಾತ್ರ. ಕೊಲಿ ನಡೆದ ದಿನ."

ಮಲ್ಲೇಶ್ವರಿ ಔಷಧಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಅವಳ ಜಂಬ ಇಳಿಯುವುದನ್ನು ನೋಡಿ ಆಮ್ರಪಾಲಿಗೆ ಒಳಗೊಳಗೇ ಖುಷಿಯಾಯಿತು. ಯಾಕೆ ಸುಳ್ಳು ಹೇಳಬೇಕು, ಖುಷಿಯೇ ಆಯಿತು. ವಾರದಿಂದ ದೊಡ್ಡ ಸಾಹೇಬರು ಫೋನಿನಲ್ಲಿ "ಸಾಮಾನ್ಯ ಕೇಸಿಗೆ ಇಷ್ಟು ದಿನ ಯಾಕಮ್ಮಾ" ಅಂತ ಉಗಿದದ್ದೆಲ್ಲ ಮರೆತುಹೋಯಿತು.

"ಸುಳ್ಳು ಹೇಳೀನ್ರಿ," ಅಂದಳು ಮಲ್ಲೇಶ್ವರಿ. ಧ್ವನಿ ಬತ್ತಿತ್ತು. "ಖೋಲಿ ಕಾಯ್ದಿತ್ತು ಅಂದ್ರ ಔಷಧ ಎಲ್ಲಾ ಕೆಟ್ಟಾವ ಅಂತ ಅರ್ಥ. ಲೈಸೆನ್ಸ್ ಹೋಗ್ತದ. ಕುರಿಗಾರರು ಬಂದು ಬಾಗಿಲಿಗಿ ಕಲ್ಲು ಹೊಡೀತಾರ. ಅದಕ್ಕ ಎಸಿ ಓಡ್ಯಾವ ಅಂದೆ. ಕೊಲಿ ಮುಚ್ಚಲಿಕ್ಕಿ ಅಲ್ರಿ ಮೇಡಂ, ನನ್ನ ಹೊಟ್ಟಿ ಸಲುವಾಗಿ."

"ನಿಮ್ಮ ಹೊಟ್ಟಿ ಸಲುವಾಗಿ ಇನ್ನೊಬ್ಬನ ಕುತ್ತಿಗಿಗಿ ಹಗ್ಗ ಹಾಕ್ತೀರಾ? ನಾಚಿಕಿ ಬರಲ್ಲೇನ್ರಿ?"



ಆಮ್ರಪಾಲಿ ಕೊಠಡಿಯ ನಡುವೆ ನಿಂತು ನೆಲ ನೋಡಿದಳು. ಸಿಟ್ಟು ಇಳಿದ ಹಾಗೆ ತಲೆ ಓಡತೊಡಗಿತು. ಹೊರಗೆ ನಲವತ್ತೆರಡು ಡಿಗ್ರಿ. ಎಸಿ ಓಡದ, ಕಿಟಕಿ ಇಲ್ಲದ ಕೊಠಡಿ. ಇಂಥ ಜಾಗದಲ್ಲಿ ನಡುಮಧ್ಯಾಹ್ನ ಸತ್ತವನ ಮೈ ಇಳಿಹೊತ್ತಿಗೂ ಬೆಚ್ಚಗೇ ಇರಬೇಕು. ಕರೆಂಟ್ ಬಂದ ಮೇಲೆ ಸ್ವಲ್ಪ ಹೊತ್ತು ಎಸಿ ಓಡಿದರೆ ಗೋಡೆ ತಣ್ಣಗಾದೀತು, ಗಾಳಿ ತಣ್ಣಗಾದೀತು, ಎಪ್ಪತ್ತು ಕಿಲೋದ ಮನುಷ್ಯ ಆಗಲಾರ.

ಆದರೆ ಕಾಶೀರಾಮ ತಣ್ಣಗಿದ್ದ. ಡಾಕ್ಟರು ಮುಟ್ಟಿ ನೋಡಿದ್ದರು, ಅಳೆದೂ ಇದ್ದರು.

"ಮುಜೀಬಭಾಯ್, ಕಾಶೀರಾಮ ಇಲ್ಲಿ ಸತ್ತಿಲ್ಲ," ಅಂದಳು. "ಎಲ್ಲೋ ಥಂಡಿಯೊಳಗ ಇದ್ದ. ಅಲ್ಲಿಂದ ತಂದು ಇಲ್ಲಿ ಮಲಗಿಸ್ಯಾರ. ದಿಲೀಪ ಬಂದಾಗ ಇಲ್ಲಿ ಯಾರೂ ಇರಲಿಲ್ಲ ಅಂದಿದ್ದು ಖರೇ ಅದ!"

"ಅಲ್ಹಮ್ದುಲಿಲ್ಲಾ," ಅಂದರು ಮುಜೀಬೋದ್ದೀನ. "ಹುಡುಗ ಬಚಾವಾದ."

ಆಗ ಮಲ್ಲೇಶ್ವರಿ ನಕ್ಕಳು. ಸೋತವರ ನಗು ಹಾಗಿರುವುದಿಲ್ಲ.

"ಹೊರಗಿಂದ ತಂದಾರ ಅಂತೀರಿ. ಹಂಗಾದ್ರ ಹಿತ್ತಲಾಗ ಬರ್ರಿ ಮೇಡಂ."

ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಆಳುದ್ದದ ಬಿಳಿ ಪೆಟ್ಟಿಗೆಯೊಂದು ಇತ್ತು. ಕುರಿಗಳ ಲಸಿಕೆ ಇಡುವ ಫ್ರಿಜ್ಜು, ಮೇಲಿನಿಂದ ಮುಚ್ಚಳ ತೆರೆಯುವಂಥದ್ದು. ಒಳಗೆ ಸುತ್ತಲೂ ಮಂಜುಗಡ್ಡೆಯ ಪಟ್ಟಿ ಇರುವುದರಿಂದ ಕರೆಂಟ್ ಇಲ್ಲದಿದ್ದರೂ ಇಡೀ ದಿನ ತಣ್ಣಗಿರುತ್ತದೆ.

"ಇದು ಔರಾದ ಶಾಖಾದಾಗ ಇತ್ತು," ಮಲ್ಲೇಶ್ವರಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಕೊಲಿ ನಡೆದ ದಿನಾನೇ ಬೆಳಿಗ್ಗಿ ಇಲ್ಲಿಗಿ ಬಂತು. ತಂದವ ಯಾರು ಗೊತ್ತದೇನು? ಎಸಿ ತೊಳೀಲಿಕ್ಕಿ ಬಂದ ನಿಮ್ಮ ದಿಲೀಪ. ಅವನದೇ ಟೆಂಪೋದಾಗ. ಅವ ನಿಮಗ ಇದು ಹೇಳ್ಯಾನೇನು ಮೇಡಂ?"

ಹೇಳಿರಲಿಲ್ಲ.

ಆಮ್ರಪಾಲಿ ಪೆಟ್ಟಿಗೆಯ ಬಳಿಗೆ ಹೋದಳು. ಮುಚ್ಚಳ ಎತ್ತಿ ನೋಡಿದಳು. ಒಳಗೆ ತೊಳೆದು ಒರೆಸಿದ ಹೊಳಪು, ಫಿನೈಲಿನ ವಾಸನೆ. ಮನುಷ್ಯನೊಬ್ಬ ಮೊಣಕಾಲು ಮಡಿಸಿದರೆ ಸಲೀಸಾಗಿ ಹಿಡಿಯುವಷ್ಟು ಜಾಗ. ಇಷ್ಟು ಹೊತ್ತು ದಿಲೀಪನನ್ನು ಬಿಡಿಸಲು ಅಂತ ತಾನು ಹಾಕಿದ ಲೆಕ್ಕವೇ ಈಗ ಹೊರಳಿ ಅವನ ಬಾಗಿಲಿಗೆ ಬಂದು ನಿಂತಿತ್ತು. ಡಿಪೋಕ್ಕೆ ಕಾವಲು ಹಾಕಿಸಿ, ಮಲ್ಲೇಶ್ವರಿಯ ಮೇಲೆ ಕಣ್ಣಿಡಲು ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಬಿಟ್ಟು, ಅವಳು ಜೀಪು ಹತ್ತಿದಳು.

ಮುಜೀಬೋದ್ದೀನ ಜೀಪನ್ನು ಠಾಣೆಯ ಕಡೆ ತಿರುಗಿಸಿದರು.

ಠಾಣೆಯ ಬೇವಿನ ಮರದ ಕೆಳಗೆ ದಿಲೀಪನ ಹೆಂಡತಿ ಕಾಜಲ ಬುತ್ತಿ ಹಿಡಿದು ಕೂತಿದ್ದಳು. ವಾರದಿಂದ ದಿನವೂ ಹೀಗೇ. ಔರಾದ ಶಾಖೆಯಲ್ಲಿ ಲೆಕ್ಕ ಬರೆಯುವ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಜೀಪು ನೋಡಿ ಎದ್ದು ನಿಂತಳು. ಆಮ್ರಪಾಲಿ ಅವಳ ಮುಖ ನೋಡದೆ ಒಳಗೆ ಹೋದಳು.

ದಿಲೀಪ ಕಂಬಿಯ ಹಿಂದೆ ಗೋಡೆಗೆ ಒರಗಿದ್ದ. ಗಡ್ಡ ಬೆಳೆದಿತ್ತು. ಕಣ್ಣಲ್ಲಿ ಆಸೆ ಇಣುಕಿತು.

"ಜನರೇಟರ್ ಮ್ಯಾಲೆ ಎಸಿ ಎದ್ದಿಲ್ಲ ಹೌದಲ್ರಿ ಮೇಡಂ?"

"ಎದ್ದಿಲ್ಲ. ನೀ ಅದನ್ನ ಬಿಡು. ಅವತ್ತು ಬೆಳಿಗ್ಗಿ ಔರಾದಿಂದ ಪೆಟ್ಟಿಗಿ ಫ್ರಿಜ್ ತಂದಿಯೇನು?"

ಆಸೆ ಆರಿಹೋಯಿತು. ಅವನು ನೆಲ ನೋಡಿದ.

"ತಂದಿಯೇನು ಅಂತ ಕೇಳಿದೆ!"

"ತಂದೀನ್ರಿ."

"ನನಗ ಯಾಕ ಹೇಳಲಿಲ್ಲ?" ಆಮ್ರಪಾಲಿ ಕಂಬಿಗೆ ಹತ್ತಿರ ಬಂದಳು. ಸಿಟ್ಟೋ ಸಂಕಟವೋ ಅವಳಿಗೇ ತಿಳಿಯಲಿಲ್ಲ. "ನಿನ್ನ ಒಂದು ಮಾತು ನಂಬಿ ಸಾಹೇಬರ ಕೈಲಿ ಬೈಸಿಕೊಂಡೀನಿ. ಬಿಸಿಲಾಗ ಮಾಳಗಿ ಹತ್ತೀನಿ. ನನಗೇ ಟೋಪಿ ಹಾಕ್ತೀಯಾ? ಫ್ರಿಜ್ ಖಾಲಿ ಇತ್ತೋ ಇಲ್ಲೋ?"

"ಖಾಲಿ ಇದ್ದಿಲ್ರಿ. ನಾಕು ಮಂದಿ ಎತ್ತಿ ಇಟ್ಟೇವಿ. ಏನದ ಒಳಗ ಅಂತ ನಾ ಕೇಳೀನಿ. ಬರ್ಫ, ಮಂಜುಗಡ್ಡಿ ತುಂಬೇದ, ಮುಚ್ಚಳ ತೆಗೀಬ್ಯಾಡ, ಥಂಡಿ ಹೋಗ್ತದ ಅಂದ್ರು. ಇಲ್ಲಿ ಹಿತ್ತಲಾಗ ಇಳಿಸಿ ಮಾಳಗಿ ಹತ್ತಿದೆ. ಅಷ್ಟೇ ರಿ."

"ಬರ್ಫ ಅಂತ ಅಂದವರು ಯಾರು?"

ದಿಲೀಪ ಕಂಬಿ ಹಿಡಿದುಕೊಂಡ.

"ಮೇಡಂ, ಎಲ್ಲಾ ನನ್ನ ಮ್ಯಾಲೆ ಬರಕೊಳ್ರಿ. ಸಹಿ ಮಾಡ್ತೇನಿ. ಜೈಲಿಗಿ ಹೋಗ್ತೇನಿ. ಅದೊಂದು ಕೇಳಬ್ಯಾಡ್ರಿ."

"ಯಾರು ದಿಲೀಪ?"

"ನಾ ಹೇಳೀನ್ರಿ."

ಹಿಂದಿನಿಂದ ಬಂದ ದನಿ. ಬಾಗಿಲಲ್ಲಿ ಕಾಜಲ ನಿಂತಿದ್ದಳು. ಯಾವಾಗ ಒಳಗೆ ಬಂದಳೋ ಯಾರೂ ನೋಡಿರಲಿಲ್ಲ. ಸೆರಗು ತಲೆಯಿಂದ ಜಾರಿತ್ತು, ಅದನ್ನು ಸರಿಮಾಡಿಕೊಳ್ಳುವ ಎಚ್ಚರ ಅವಳಿಗಿರಲಿಲ್ಲ.

"ನೀ ಸುಮ್ಮ ಹೋಗು ಕಾಜಲ!" ದಿಲೀಪ ಚೀರಿದ. "ಮನಿಗಿ ಹೋಗು!"

"ಎಷ್ಟು ದಿನ ಸುಮ್ಮ ಇರಲಿ? ನಿಮ್ಮನ್ನ ಬೀದರಕ್ಕ ಒಯ್ತಾರಂತ." ಅವಳು ಆಮ್ರಪಾಲಿಯ ಕಡೆ ತಿರುಗಿದಳು. "ಬರ್ಫ ಅಂತ ನಾನೇ ಅಂದೀನ್ರಿ ಮೇಡಂ. ಹಂಗ ಹೇಳದಿದ್ರ ನಿನ್ನ ಗಂಡನ್ನೂ ಇದರಾಗೇ ಹಾಕ್ತೇವಿ ಅಂತ ಮಲ್ಲೇಶ್ವರಿ ಅಕ್ಕೋರ ಮಂದಿ ಅಂದಿದ್ರು. ಇವರಿಗಿ ಏನೂ ಗೊತ್ತಿಲ್ಲ. ಒಳಗ ಯಾರು ಇದ್ದಾರ ಅಂತ ನನಗ ಗೊತ್ತಿತ್ತು."

"ಹೆಣ ಅಂತ ಗೊತ್ತಿದ್ದೂ ಗಂಡನ ಗಾಡಿಯಾಗ ಹಾಕಿಸಿದೇನಮ್ಮಾ?"

ಕಾಜಲ ತಲೆಯಾಡಿಸಿದಳು. ಅಲ್ಲ ಅನ್ನುವ ಹಾಗೆ ಆಡಿಸುತ್ತಲೇ ಇದ್ದಳು.

"ಹೆಣ ಅಲ್ರಿ. ಮುಚ್ಚಳ ಹಾಕುವಾಗ ಕಾಶೀರಾಮ ಕಾಕಾಗ ಇನ್ನಾ ಉಸುರಿತ್ರಿ. ಎಚ್ಚರ ಇರಲಿಲ್ಲ, ಆದರ ಎದಿ ಏರಿ ಇಳೀಲತಿತ್ತು. ನಾ ಕಣ್ಣಾರೆ ನೋಡೀನಿ."

ಮುಜೀಬೋದ್ದೀನ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಕಂಬಿಯ ಹಿಂದೆ ದಿಲೀಪ ಮೆಲ್ಲಗೆ ನೆಲಕ್ಕೆ ಕುಸಿದ. ಹೆಂಡತಿಯನ್ನೂ ನೋಡಲಿಲ್ಲ, ಆಮ್ರಪಾಲಿಯನ್ನೂ ನೋಡಲಿಲ್ಲ. ತನ್ನ ಎರಡೂ ಅಂಗೈಗಳನ್ನೇ ನೋಡುತ್ತ ಕೂತ.

"ಹಾದ್ಯಾಗ ಒಳಗಿಂದ ಸಪ್ಪಳ ಬಂತ್ರಿ," ಅಂದ. "ಬಹಳ ಹೊತ್ತು ಬಂತು. ರಸ್ತೆ ಕೆಟ್ಟದ, ಬರ್ಫ ಬಡಕೊಳ್ಲತದ ಅಂತ ನಾ ಹಾಡು ಜೋರು ಮಾಡಿದೆ."